ಹಳದಿ ಗೋಡೆ, ಹಸಿರು ನೆರಳು: ಮ್ಯೂಂಟರ್ ಚಿತ್ರ ನೋಡಿ ಬಣ್ಣ ಕಲಿಯುತ್ತಿದ್ದೇನೆ, ಮುಖದ ಹತ್ತಿರ ನಿಂತುಬಿಟ್ಟಿದ್ದೇನೆ

ಸೂಜಿದಾರ (ಕಲಬುರಗಿ)
ಭಾನುವಾರ, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ನಾನು ಬ್ರಹ್ಮಪುರದವಳು. ಮನೆಯಲ್ಲೇ ಜಂಪರ್ ಹೊಲಿಯುತ್ತೇನೆ. ಶಾಲೆಯಲ್ಲಿದ್ದಾಗ ಚಿತ್ರ ಬಿಡಿಸುವ ಹುಚ್ಚಿತ್ತು. ಮದುವೆ, ಮಕ್ಕಳು, ಮನೆ ಅಂತ 14 ವರ್ಷ ಬಣ್ಣ ಮುಟ್ಟಲೇ ಇಲ್ಲ. ಮಗಳ ಶಾಲೆಗೆ ತಂದ ಅಕ್ರಿಲಿಕ್ ಬಣ್ಣ ಹೋದ ವರ್ಷ ಉಳಿದಿತ್ತು. ಅದನ್ನೇ ಹಿಡಿದು ಮತ್ತೆ ಶುರು ಮಾಡಿದ್ದೇನೆ.

ಎದುರಿಗೆ ಒಬ್ಬರನ್ನು ಕೂರಿಸಿ ಮುಖ ಬರೆಯುವ ಧೈರ್ಯ ಇರಲಿಲ್ಲ. ಹಾಗಾಗಿ ಒಂದು ಹಳೆ ಭಾವಚಿತ್ರವನ್ನು ನೋಡಿ ನೋಡಿ ಮತ್ತೆ ಬರೆದು ಕಲಿಯೋಣ ಅಂದುಕೊಂಡೆ. ಆರಿಸಿಕೊಂಡದ್ದು ಜರ್ಮನಿಯ ಕಲಾವಿದೆ ಗೇಬ್ರಿಯೆಲ್ ಮ್ಯೂಂಟರ್ 1909ರಲ್ಲಿ ಬರೆದ ಮರಿಯಾನ್ನೆ ಫಾನ್ ವೆರೆಫ್ಕಿನ್ ಅವರ ಚಿತ್ರ. ಮೂಲ ಚಿತ್ರ ಜರ್ಮನಿಯ ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್ ಸಂಗ್ರಹಾಲಯದಲ್ಲಿದೆ. ಹಿಂದೆ ಗಾಢ ಹಳದಿ. ತಲೆಯ ಮೇಲೆ ಹೂವಿನ ದೊಡ್ಡ ಟೋಪಿ. ಕೊರಳಿನಿಂದ ಇಳಿದ ನೇರಳೆ ಶಾಲು. ಹೆಗಲ ಮೇಲಿಂದ ತಿರುಗಿ ಆಕೆ ನಮ್ಮನ್ನೇ ನೋಡುತ್ತಾಳೆ.

ಇದನ್ನೇ ಯಾಕೆ ಆರಿಸಿದೆ ಅಂದರೆ, ಬರೆದವಳೂ ಕಲಾವಿದೆ, ಕೂತವಳೂ ಕಲಾವಿದೆ. ವೆರೆಫ್ಕಿನ್ ರಷ್ಯಾದವರು, ಇಲ್ಯಾ ರೆಪಿನ್ ಹತ್ತಿರ ಕಲಿತವರು. ಜೊತೆಗಿದ್ದ ಚಿತ್ರಕಾರ ಯಾವ್ಲೆನ್ಸ್ಕಿಯ ಕಲೆ ಬೆಳೆಯಲಿ ಅಂತ ಸುಮಾರು 10 ವರ್ಷ ತಾವು ಬಣ್ಣ ಮುಟ್ಟಲಿಲ್ಲ. 1906ರ ಹೊತ್ತಿಗೆ ಮತ್ತೆ ಕುಂಚ ಹಿಡಿದರು. ಈ ಚಿತ್ರಕ್ಕೆ ಕೂತಾಗ ಅವರಿಗೆ ಸುಮಾರು 49 ವಯಸ್ಸು. ಇದನ್ನು ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಈಗ ಕಷ್ಟಕ್ಕೆ ಬರುತ್ತೇನೆ. ಮೂಲ ಚಿತ್ರ 81 ಸೆಂ.ಮೀ. ಎತ್ತರ, 55 ಸೆಂ.ಮೀ. ಅಗಲ. ನಾನು ಅರ್ಧ ಅಳತೆಗೆ ಮೌಂಟ್ ಬೋರ್ಡ್ ಕತ್ತರಿಸಿಕೊಂಡೆ. ಪೆನ್ಸಿಲ್‌ನಲ್ಲಿ ಚೌಕ ಎಳೆದು ಗೆರೆ ಇಳಿಸಿದೆ. ಹಳದಿ ಬಂತು. ಹೂವು ಬಂತು. ಶಾಲು ಬರೆಯುವಾಗ ಎಷ್ಟು ಖುಷಿಯಾಯಿತು ಅಂದರೆ ಒಲೆ ಮೇಲಿನ ಹಾಲು ಮರೆತೆ. ಮುಖಕ್ಕೆ ಬಂದಾಗ ಕೈ ನಿಂತಿತು. ಮೊದಲು ಫ್ಲೆಶ್ ಟಿಂಟ್ ಅಂತ ಬರೆದ ಟ್ಯೂಬಿನ ತಿಳಿ ಗುಲಾಬಿ ಬಣ್ಣ ಹಚ್ಚಿದೆ. ಅದರ ಮೇಲೆ ಮೂಲದಲ್ಲಿದ್ದಂತೆ ಹಸಿರು ನೆರಳು ಇಟ್ಟೆ. ಯಾರೋ ಹೊಡೆದು ಕೆನ್ನೆ ಬಾತಂತೆ ಕಾಣುತ್ತದೆ! ಮೂರು ಸಲ ಬಿಳಿ ಬಳಿದು ಮತ್ತೆ ಬರೆದೆ. ಮೂರು ಸಲವೂ ಹಾಗೇ ಆಯಿತು. ಅವರ ಹಸಿರು ನೆರಳಾಗುತ್ತದೆ, ನನ್ನ ಹಸಿರು ಗಾಯವಾಗುತ್ತದೆ. ಯಾಕೆ?

ತೊಗರಿ ಹೊಲ (ಸೇಡಂ)
ಭಾನುವಾರ, ರಾತ್ರಿ 11:05

ಅಕ್ಕಾ, ಮೊದಲು ಒಂದು ಮಾತು. 14 ವರ್ಷ ಬಿಟ್ಟು ಮತ್ತೆ ಹಿಡಿದಿರಲ್ಲ, ಬಹಳ ಸಂತೋಷವಾಯಿತು.

ನಾನು ಚಿತ್ರಕಲೆ ಓದುತ್ತಿರುವವನು. ಹಸಿರಿನ ಪ್ರಶ್ನೆಗೆ ದೊಡ್ಡವರು ಹೇಳಲಿ. ನಾನು ಬಣ್ಣ ಒಣಗುವುದರ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಅದೂ ಒಂದು ಕಾರಣ ಇರಬಹುದು. ಅಕ್ರಿಲಿಕ್‌ನಲ್ಲಿರುವ ನೀರು ಆರಿದರೆ ಮುಗಿಯಿತು, ಬಣ್ಣ ಪ್ಲಾಸ್ಟಿಕ್ ಆಗುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ತೇವವೇ ಇರುವುದಿಲ್ಲ. ತಟ್ಟೆಯಲ್ಲಿ ಕಲಸಿದ ಬಣ್ಣ ಐದು ನಿಮಿಷಕ್ಕೆ ಕೆನೆಗಟ್ಟುತ್ತದೆ. ಆಗ ಗಡಿಬಿಡಿಯಲ್ಲಿ ಟ್ಯೂಬಿನಿಂದ ನೇರ ಹಸಿರು ಹಚ್ಚಿಬಿಡುತ್ತೇವೆ. ನಾನು ಎಷ್ಟೋ ಸಲ ಹಾಗೆ ಮಾಡಿದ್ದೇನೆ.

ಹೀಗೆ ಮಾಡಿ ನೋಡಿ. ಅಗಲವಾದ ಸ್ಟೀಲ್ ಡಬ್ಬಿ ತಗೊಳ್ಳಿ. ತಳದಲ್ಲಿ ಹಳೆ ಪಂಚೆಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಒದ್ದೆ ಮಾಡಿ ಹಾಸಿ. ಮೇಲೆ ಬಟರ್ ಪೇಪರ್ ಹರಡಿ, ಅದರ ಮೇಲೆ ಬಣ್ಣ ಕಲಸಿ. ಕೆಲಸ ಬಿಟ್ಟಾಗ ಮುಚ್ಚಳ ಹಾಕಿ. ಮರುದಿನವೂ ಬಣ್ಣ ಹಸಿಯಾಗಿರುತ್ತದೆ. ಇನ್ನೊಂದು ಮಾತು: ಅಕ್ರಿಲಿಕ್ ಒಣಗಿದ ಮೇಲೆ ಸ್ವಲ್ಪ ಗಾಢವಾಗುತ್ತದೆ. ಹಸಿಯಿದ್ದಾಗ ಸರಿ ಕಂಡ ಹಸಿರು ಒಣಗಿದ ಮೇಲೆ ಜಾಸ್ತಿಯಾಗಿ ಕಾಣುವುದು ಅದಕ್ಕೇ.

ಫರಸಿ ಮಾಸ್ತರ (ಶಹಾಬಾದ್)
ಸೋಮವಾರ, ಬೆಳಿಗ್ಗೆ 6:40

ತಂಗೀ, ನಿಮ್ಮ ಪ್ರಶ್ನೆ ಓದಿ ಬೆಳಗಿನ ಚಹಾ ಆರಿತು. ಡ್ರಾಯಿಂಗ್ ಕಲಿಸಿ ನಿವೃತ್ತನಾದವನು ನಾನು. ಇಂಥ ಪ್ರಶ್ನೆ ಯಾರಾದರೂ ಕೇಳಲಿ ಅಂತ ಎಷ್ಟೋ ವರ್ಷ ಕಾದಿದ್ದೇನೆ.

ನಿಮ್ಮ ಹಸಿರಿನಲ್ಲಿ ತಪ್ಪಿಲ್ಲ. ಅದರ ತೂಕದಲ್ಲಿ ತಪ್ಪಿದೆ. ತೂಕ ಅಂದರೆ ಬಣ್ಣದ ತಿಳಿ-ಗಾಢ. ಪ್ರತಿ ಬಣ್ಣಕ್ಕೂ ಎರಡು ಗುಣ ಇರುತ್ತದೆ. ಅದು ಹಸಿರೋ ಕೆಂಪೋ ಅನ್ನುವುದು ಒಂದು. ಅದು ಎಷ್ಟು ಬೆಳಕು, ಎಷ್ಟು ಕತ್ತಲು ಅನ್ನುವುದು ಇನ್ನೊಂದು. ಮುಖದ ಆಕಾರವನ್ನು ಹಿಡಿದಿಡುವುದು ಈ ಎರಡನೆಯದು. ಮೂಗು ಎದ್ದು ಕಾಣುವುದು, ಕಣ್ಣು ಒಳಗೆ ಹೋಗುವುದು ಬೆಳಕು-ಕತ್ತಲಿನಿಂದ. ಆ ತೂಕ ಸರಿಯಿದ್ದರೆ ಬಣ್ಣ ಯಾವುದಿದ್ದರೂ ಕಣ್ಣು ಒಪ್ಪುತ್ತದೆ. ಮ್ಯೂಂಟರ್, ಯಾವ್ಲೆನ್ಸ್ಕಿ, ಕಿರ್ಖ್‌ನರ್ ಇವರೆಲ್ಲ ಅಷ್ಟು ಧೈರ್ಯವಾಗಿ ಹಸಿರು, ನೀಲಿ, ಕಿತ್ತಳೆ ಮುಖ ಬರೆದದ್ದು ಇದೇ ಬಲದ ಮೇಲೆ.

ನೀವು ತಿಳಿ ಗುಲಾಬಿಯ ಮೇಲೆ ಟ್ಯೂಬಿನ ಹಸಿರು ಇಟ್ಟಿರಿ. ಆ ಹಸಿರು ಬಹಳ ಗಾಢ. ಪಕ್ಕದ ಚರ್ಮಕ್ಕೂ ಅದಕ್ಕೂ ನಡುವೆ ಮೂರು ಮೆಟ್ಟಿಲು ಬಿಟ್ಟುಹೋಗಿದೆ. ಕಣ್ಣು ಅದನ್ನು ನೆರಳು ಅಂತ ಒಪ್ಪುವುದಿಲ್ಲ, ಕಲೆ ಅಂತ ಓದುತ್ತದೆ.

ಒಂದು ಕೆಲಸ ಮಾಡಿ. ನಿಮ್ಮ ಚಿತ್ರವನ್ನೂ ಮೂಲವನ್ನೂ ಫೋನಿನಲ್ಲಿ ಕಪ್ಪು-ಬಿಳುಪು ಮಾಡಿ ಪಕ್ಕಪಕ್ಕ ಇಡಿ. ಎಲ್ಲಿ ತಪ್ಪಿದ್ದೀರಿ ಅಂತ ನಾನು ಹೇಳಬೇಕಾಗಿಲ್ಲ. ಫೋನ್ ಬೇಡ ಅಂದರೆ ಕಣ್ಣು ಅರ್ಧ ಮುಚ್ಚಿ ನೋಡಿ, ಅದೂ ಅದೇ ಕೆಲಸ ಮಾಡುತ್ತದೆ. ಆಮೇಲೆ ಆ ಹಸಿರಿಗೆ ಬಿಳಿ, ಚೂರು ಹಳದಿ ಓಕರ್ (ಮಣ್ಣಿನ ಹಳದಿ) ಸೇರಿಸಿ. ಬಣ್ಣ ಕಲಸಿದ ಕೂಡಲೇ ಚಿತ್ರಕ್ಕೆ ಹಚ್ಚಬೇಡಿ. ಒಂದು ಕಾಗದದ ತುಂಡಿಗೆ ಹಚ್ಚಿ, ಒಣಗಲು ಬಿಟ್ಟು, ಅದನ್ನು ಮುಖದ ಮೇಲೆ ಹಿಡಿದು ನೋಡಿ.

ಇನ್ನೊಂದು. ಆ ಫ್ಲೆಶ್ ಟಿಂಟ್ ಟ್ಯೂಬನ್ನು ದಯವಿಟ್ಟು ಬದಿಗಿಡಿ. ಶಾಲೆಯಲ್ಲಿ ಮಕ್ಕಳು ಆ ಗುಲಾಬಿ ಕ್ರೇಯಾನ್‌ಗೆ "ಚರ್ಮದ ಬಣ್ಣ" ಅನ್ನುತ್ತಿದ್ದರು. ತರಗತಿಯಲ್ಲಿ ಒಂದು ಮಗುವಿನ ಚರ್ಮವೂ ಆ ಬಣ್ಣದ್ದಲ್ಲ. ಆದರೂ ಎಲ್ಲರೂ ಅವ್ವನ ಮುಖಕ್ಕೆ ಅದನ್ನೇ ಹಚ್ಚುತ್ತಿದ್ದರು. ನನಗೆ ಅದು ಇವತ್ತಿಗೂ ನೋವು.

ಗಾಜಿನ ಅಕ್ಷರ (ಯಾದಗಿರಿ)
ಸೋಮವಾರ, ಮಧ್ಯಾಹ್ನ 2:15

ಮಾಸ್ತರರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು 22 ವರ್ಷ ಬೋರ್ಡ್ ಬರೆದವನು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಕಡಿಮೆಯಾಯಿತು, ಈಗ ಮನೆಗಳಿಗೆ ಬಣ್ಣ ಹೊಡೆಯುತ್ತೇನೆ. ನನಗೆ ಕಾಣುವುದು ಗೆರೆ. ಅದರ ಬಗ್ಗೆ ಹೇಳುತ್ತೇನೆ.

ನೀವು ಚೌಕ ಎಳೆದು ಇಳಿಸಿದೆ ಅಂದಿರಿ. ಸಿನಿಮಾ ಬೋರ್ಡಿಗೆ ನಾವೂ ಹಾಗೇ ಮಾಡುತ್ತಿದ್ದೆವು, ಚಿಕ್ಕ ಫೋಟೊವನ್ನು 20 ಅಡಿ ಮಾಡಬೇಕಲ್ಲ. ಆದರೆ ಈ ಥರದ ಚಿತ್ರಕ್ಕೆ ಚೌಕ ಹಿಡಿದು ಹೋದರೆ ಗೆರೆ ಸತ್ತುಹೋಗುತ್ತದೆ. ಪ್ರತಿ ಚೌಕದಲ್ಲೂ ಕೈ ನಿಂತು ನಿಂತು ಸಾಗುತ್ತದೆ. ಆ ಟೋಪಿಯ ಅಂಚನ್ನು ನೋಡಿ. ಒಂದೇ ಉಸಿರಿನಲ್ಲಿ ಎಳೆದದ್ದು. ಹಳೆ ಪೇಪರ್ ಮೇಲೆ ನೀರಾದ ನೀಲಿ ಬಣ್ಣ ಹಿಡಿದು, ಕುಂಚದಲ್ಲೇ, ಹತ್ತು ಸಲ ಬರೆದು ಬಿಸಾಡಿ. ಮೊಣಕೈಯಿಂದ ಬರೆಯಿರಿ, ಬೆರಳಿನಿಂದ ಬೇಡ. ಹನ್ನೊಂದನೆಯದನ್ನು ಬೋರ್ಡಿನ ಮೇಲೆ ಬರೆಯಿರಿ. ಟೋಪಿಯ ತುದಿ, ಗದ್ದ, ಹೆಗಲು ಈ ಮೂರು ಕಡೆ ಮಾತ್ರ ಗುರುತು ಸಾಕು.

ಇನ್ನೊಂದು ವಿಷಯ ಓದಿ ನನಗೆ ಮೈ ಜುಮ್ಮೆಂದಿತು. ಮ್ಯೂಂಟರ್ ಆಗ ಇದ್ದದ್ದು ಆಲ್ಪ್ಸ್ ಬೆಟ್ಟದ ಬುಡದ ಮುರ್ನೌ ಎಂಬ ಊರಿನಲ್ಲಿ. ಅಲ್ಲಿ ಹಳ್ಳಿಯ ಚಿತ್ರಗಾರರು ಗಾಜಿನ ಹಿಂಬದಿಯಿಂದ ದೇವರ ಚಿತ್ರ ಬರೆಯುತ್ತಿದ್ದರು. ಮ್ಯೂಂಟರ್ ಅಂಥ ಒಬ್ಬ ಚಿತ್ರಗಾರರಿಂದ ಆ ಕಸುಬು ಕಲಿತರು. ಗಾಜಿನ ಹಿಂದೆ ಬರೆಯುವಾಗ ಎಲ್ಲ ಉಲ್ಟಾ. ಮೊದಲು ಕಪ್ಪು ಗೆರೆ, ಆಮೇಲೆ ಮುಖದ ಬಣ್ಣ, ಕೊನೆಗೆ ಹಿನ್ನೆಲೆ. ಅಂಗಡಿಯ ಗಾಜಿನ ಮೇಲೆ ಒಳಗಿನಿಂದ ಅಕ್ಷರ ಬರೆಯುವಾಗ ನಾನೂ ಹಾಗೇ ಬರೆದದ್ದು! ಮೊದಲು ಔಟ್‌ಲೈನ್, ಅದು ಒಣಗಿದ ಮೇಲೆ ಒಳಗಿನ ಬಣ್ಣ. ಗೆರೆಯನ್ನು ಆಮೇಲೆ ತಿದ್ದಲು ಆಗುವುದಿಲ್ಲ. ಅದಕ್ಕೇ ಕೈ ಗಟ್ಟಿಯಾಗುತ್ತದೆ. ಆ ದಪ್ಪ ಗೆರೆ, ಆ ಅಚ್ಚುಕಟ್ಟು ಬಣ್ಣದ ತುಂಡು ಎಲ್ಲಿಂದ ಬಂತು ಅಂತ ಈಗ ತಿಳಿಯಿತಲ್ಲ.

ಮೂಲ ಚಿತ್ರ ರಟ್ಟಿನ ಮೇಲೆ ಬರೆದ ಎಣ್ಣೆ ಬಣ್ಣ. ರಟ್ಟು ಎಣ್ಣೆ ಕುಡಿಯುತ್ತದೆ, ಅದಕ್ಕೆ ಹೊಳಪಿಲ್ಲದ ಒಣ ನೋಟ ಬರುತ್ತದೆ. ನಿಮ್ಮ ಅಕ್ರಿಲಿಕ್ ಹೊಳೆದರೆ ಬೇಜಾರು ಬೇಡ. ಮುಂದೆ ಎಣ್ಣೆ ಬಣ್ಣಕ್ಕೆ ಹೋದರೆ ನೆನಪಿಡಿ, ಅದರಲ್ಲಿರುವುದು ಅಗಸೆ ಎಣ್ಣೆ. ನಮ್ಮ ಅಗಸಿ ಹಿಂಡಿಯ ಅದೇ ಅಗಸೆ. ಅದು ಗಾಳಿಯಲ್ಲಿರುವ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ, ಆರಿ ಹೋಗುವುದಲ್ಲ. ಶೇಂಗಾ ಎಣ್ಣೆ ಎಷ್ಟು ದಿನ ಬಿಟ್ಟರೂ ಹಾಗೆ ಗಟ್ಟಿಯಾಗುವುದಿಲ್ಲ. ಅಡುಗೆಮನೆಯ ಎಣ್ಣೆ ಮಾತ್ರ ಬಣ್ಣಕ್ಕೆ ಹಾಕಬೇಡಿ.

ನೇರ ಮಾತು (ಕಲಬುರಗಿ)
ಸೋಮವಾರ, ಸಂಜೆ 7:30

ಅಕ್ಕನವರಿಗೆ ಬೇಸರ ಆಗದಿರಲಿ, ಮನಸ್ಸಿನಲ್ಲಿದ್ದದ್ದು ಹೇಳುತ್ತೇನೆ. ಎಸ್.ಎಂ. ಪಂಡಿತರು ಹುಟ್ಟಿದ ಊರು ನಮ್ಮದು. ಅವರ ಚಿತ್ರ ಇದ್ದ ಕ್ಯಾಲೆಂಡರ್ ನಮ್ಮ ಎಷ್ಟೋ ಮನೆಗಳಲ್ಲಿ ಇತ್ತು. ಅಂಥ ಕೈ ನಮ್ಮೂರಲ್ಲಿ ಇದ್ದಾಗ ಜರ್ಮನಿಯ ಚಿತ್ರ ಯಾಕೆ? ಅದೂ ನಕಲು ಯಾಕೆ? ಪಂಡಿತರ ಮುಖಗಳನ್ನು ನೋಡಿದರೆ ಮುಟ್ಟಿ ನೋಡಬೇಕು ಅನಿಸುತ್ತದೆ. ಈ ಹಸಿರು ಮುಖದಲ್ಲಿ ನನಗೆ ಅಂಥದ್ದು ಏನೂ ಸಿಗಲಿಲ್ಲ. ತಿಳಿದವರು ಹೇಳಿದರೆ ಕೇಳುತ್ತೇನೆ.

ಫರಸಿ ಮಾಸ್ತರ (ಶಹಾಬಾದ್)
ಸೋಮವಾರ, ರಾತ್ರಿ 9:10

ಒಳ್ಳೆಯ ಪ್ರಶ್ನೆ. ಪಂಡಿತರು (1916–1993) ನನಗೂ ದೊಡ್ಡವರು. ಅವರ ಚಿತ್ರಗಳ ಮುಂದೆ ನಾನು ಗಂಟೆಗಟ್ಟಲೆ ನಿಂತಿದ್ದೇನೆ. ಆದರೆ ಕಲಿಯುವವರಿಗೆ ಅವರ ಚಿತ್ರ ಬಹಳ ಕಠಿಣ ಗುರು. ಬೆಳಕು ಎಲ್ಲಿ ಮುಗಿಯಿತು, ನೆರಳು ಎಲ್ಲಿ ಹುಟ್ಟಿತು ಅಂತ ಗೊತ್ತೇ ಆಗದಷ್ಟು ನಯ. ಅವರು ಏನು ನಿರ್ಧಾರ ಮಾಡಿದರು ಅನ್ನುವುದು ಆ ನಯದ ಒಳಗೆ ಮುಚ್ಚಿಹೋಗಿರುತ್ತದೆ. ಮ್ಯೂಂಟರ್ ಚಿತ್ರದಲ್ಲಿ ಎಲ್ಲ ಹೊರಗೇ ಇದೆ. ಇಲ್ಲಿ ಈ ಬಣ್ಣ, ಇಲ್ಲಿಗೆ ಅದು ಮುಗಿಯಿತು, ಇಲ್ಲಿಂದ ಇನ್ನೊಂದು. ಹೊಲಿಗೆ ಬಿಚ್ಚಿಟ್ಟ ಜಂಪರ್ ಇದ್ದಂತೆ. ಯಾವ ತುಂಡು ಎಲ್ಲಿ ಕೂತಿದೆ ಅಂತ ತಂಗಿಗೆ ಕಾಣುತ್ತದೆ.

ನಕಲಿನ ಬಗ್ಗೆ. ಹಾಡು ಕಲಿಯುವವರು ಗುರು ಹಾಡಿದ್ದನ್ನೇ ಹಾಡುತ್ತಾರೆ, ಅದಕ್ಕೆ ಯಾರೂ ನಕಲು ಅನ್ನುವುದಿಲ್ಲ. ಚಿತ್ರದವರೂ ಹಾಗೇ ಕಲಿತದ್ದು. ಎಷ್ಟು ಹೋಲಿಕೆ ಬಂತು ಅಂತ ನೋಡಿದರೆ ಏನೂ ಕಲಿತ ಹಾಗಲ್ಲ. ಇಲ್ಲಿ ಯಾಕೆ ಇದನ್ನು ಇಟ್ಟರು ಅಂತ ಒಂದೊಂದು ಕಡೆಯೂ ಕೇಳಿಕೊಂಡರೆ ಕಲಿತ ಹಾಗೆ.

ಮ್ಯೂಂಟರ್ (1877–1962) ಕಲಿತದ್ದು ಎಷ್ಟು ಕಷ್ಟದಲ್ಲಿ ಅಂತಲೂ ಹೇಳಬೇಕು. ಮ್ಯೂನಿಕ್ ಅಕಾಡೆಮಿ ಆಗ ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹೆಂಗಸರೇ ನಡೆಸುತ್ತಿದ್ದ ಸಂಘದ ಶಾಲೆಯಲ್ಲಿ ಕಲಿತರು. ಆಮೇಲೆ ಚಿತ್ರಕಾರ ಕಾಂಡಿನ್ಸ್ಕಿ ಕಲಿಸುತ್ತಿದ್ದ ಫಾಲಂಕ್ಸ್ ಶಾಲೆಗೆ ಸೇರಿದರು. ಹಿಟ್ಲರನ ಕಾಲದಲ್ಲಿ ಇಂಥ ಚಿತ್ರಗಳನ್ನು ಕೆಟ್ಟ ಕಲೆ ಅಂತ 1937ರಲ್ಲಿ ಮ್ಯೂನಿಕ್‌ನಲ್ಲೇ ಪ್ರದರ್ಶನ ಮಾಡಿ ಅವಮಾನಿಸಿದರು. ಮ್ಯೂಂಟರ್ ತಮ್ಮ ಬಳಿಯಿದ್ದ ಚಿತ್ರಗಳನ್ನು ಮನೆಯ ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಕಾಪಾಡಿದರು. 1957ರಲ್ಲಿ, ತಮ್ಮ 80ನೇ ಹುಟ್ಟುಹಬ್ಬಕ್ಕೆ, ಆ ದೊಡ್ಡ ಸಂಗ್ರಹವನ್ನು ಲೆನ್‌ಬಾಖ್‌ಹೌಸ್‌ಗೆ ಕೊಟ್ಟುಬಿಟ್ಟರು. ಸಾವಿರಕ್ಕೂ ಹೆಚ್ಚು ಕೃತಿಗಳು. ನಾವು ಇಲ್ಲಿ ಕೂತು ಮಾತಾಡುವುದಕ್ಕೆ ಆ ಮುದುಕಿಯೇ ಕಾರಣ.

ಸೂಜಿದಾರ (ಕಲಬುರಗಿ)
ಗುರುವಾರ, ರಾತ್ರಿ 11:30

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮದುವೆ ಸೀಸನ್, ಮಷೀನ್ ಬಿಟ್ಟು ಏಳಲು ಆಗಲಿಲ್ಲ.

ಮಾಸ್ತರರೇ, ಕಪ್ಪು-ಬಿಳುಪು ಮಾಡಿ ನೋಡಿದೆ. ನನ್ನ ಹಸಿರು ತುಟಿಗಿಂತ ಕಪ್ಪಾಗಿತ್ತು! ಮೂಲದಲ್ಲಿ ಆ ಹಸಿರು ಪಕ್ಕದ ಬಣ್ಣಕ್ಕಿಂತ ಸ್ವಲ್ಪವೇ ಇಳಿದಿದೆ, ಅಷ್ಟೇ. ನೀವು ಹೇಳಿದ ಹಾಗೆ ಬಿಳಿ, ಓಕರ್ ಸೇರಿಸಿ ಏಳು ಹಸಿರು ಕಲಸಿದೆ. ಕಾಗದದ ತುಂಡುಗಳಿಗೆ ಹಚ್ಚಿ ಒಣಗಿಸಿ ಕೆನ್ನೆಯ ಮೇಲೆ ಒಂದೊಂದಾಗಿ ಹಿಡಿದೆ. ಐದನೆಯದಕ್ಕೆ ಕೆನ್ನೆ ಒಳಗೆ ತಿರುಗಿತು. ನಾನು ಕುರ್ಚಿಯಿಂದ ಎದ್ದುಬಿಟ್ಟೆ.

ಆಗ ನನಗೆ ಇನ್ನೊಂದು ಹೊಳೆಯಿತು. ಇದು ನನಗೆ ಗೊತ್ತಿದ್ದ ವಿದ್ಯೆಯೇ. ಮ್ಯಾಚಿಂಗ್ ಸೆಂಟರ್‌ಗೆ ಸೀರೆ ಒಯ್ದು ಜಂಪರ್ ಬಟ್ಟೆ ಆರಿಸುವಾಗ ನಾವು ಏನು ಮಾಡುತ್ತೇವೆ? ಬಟ್ಟೆಯನ್ನು ಒಂಟಿಯಾಗಿ ನೋಡುವುದಿಲ್ಲ. ಸೀರೆಯ ಅಂಚಿನ ಮೇಲೆ ಇಟ್ಟು ನೋಡುತ್ತೇವೆ. ಟ್ಯೂಬ್‌ಲೈಟ್ ನಂಬದೆ ಬಾಗಿಲ ಹತ್ತಿರ ಬೆಳಕಿಗೆ ಒಯ್ಯುತ್ತೇವೆ. ಥಾನಿನಲ್ಲಿ ಮೆರೂನ್ ಕಂಡದ್ದು ಹಸಿರು ಸೀರೆಯ ಪಕ್ಕ ಕೆಂಪಾಗುತ್ತದೆ, ನೇರಳೆ ಸೀರೆಯ ಪಕ್ಕ ಕಂದಾಗುತ್ತದೆ. ಇಷ್ಟು ವರ್ಷ ನೂರಾರು ಹೆಂಗಸರಿಗೆ ಇದನ್ನು ನಾನೇ ಹೇಳಿದ್ದೇನೆ. ಆದರೆ ಕುಂಚ ಹಿಡಿದಾಗ ಬಣ್ಣ ಟ್ಯೂಬಿನಲ್ಲಿದೆ ಅಂದುಕೊಂಡೆ. ಬಣ್ಣ ಟ್ಯೂಬಿನಲ್ಲಿಲ್ಲ, ಪಕ್ಕದ ಬಣ್ಣದಲ್ಲಿದೆ.

ಹಾಗೆ ನೋಡಲು ಶುರು ಮಾಡಿದ ಮೇಲೆ ಚಿತ್ರ ಬೇರೆಯೇ ಆಗಿ ಕಂಡಿತು. ನೇರಳೆ ಶಾಲು ಅಷ್ಟು ಹೊಳೆಯುವುದು ಅದು ನೇರಳೆ ಆಗಿರುವುದರಿಂದ ಅಲ್ಲ, ಹಿಂದೆ ಹಳದಿ ಇರುವುದರಿಂದ. ಎರಡೂ ಒಂದಕ್ಕೊಂದು ಎದುರಾಳಿ ಬಣ್ಣ. ಒಂದು ಅಂಗೈ ಅಗಲ ಹಳದಿಯನ್ನು ಬಿಳಿ ಕಾಗದದಿಂದ ಮುಚ್ಚಿ ನೋಡಿದೆ. ಶಾಲು ಸಪ್ಪೆಯಾಯಿತು. ಕಾಗದ ತೆಗೆದೆ, ಮತ್ತೆ ಎದ್ದು ಬಂತು. ಮಗಳನ್ನು ಕರೆದು ತೋರಿಸಿದೆ. ಅವಳು ಹತ್ತು ಸಲ ಮುಚ್ಚಿ ತೆಗೆದು ಮಾಡಿದಳು.

ಅದೇ ಎದುರಾಳಿಗಳನ್ನು ಹಸಿಯಾಗಿ ಒಂದರ ಮೇಲೊಂದು ಹಚ್ಚಿದರೆ ಕೆಸರಾಗುತ್ತದೆ ಅಂತಲೂ ಕಲಿತೆ. ಶಾಲಿನ ಅಂಚು ಕೆಡಿಸಿಕೊಂಡದ್ದು ಹಾಗೇ. ಈಗ ಒಂದು ಪೂರ್ತಿ ಒಣಗುವ ತನಕ ಇನ್ನೊಂದನ್ನು ಮುಟ್ಟುವುದಿಲ್ಲ.

ಗೆರೆಯ ಬಗ್ಗೆ ಹೇಳಿದ ಯಾದಗಿರಿಯ ಅಣ್ಣನವರಿಗೆ: ಪೇಪರ್ ಮೇಲೆ ಹದಿನೇಳು ಟೋಪಿ ಬರೆದೆ. ಹದಿನೇಳನೆಯದು ಟೋಪಿಯಾಗಿದೆ. ಅದನ್ನು ಬಿಸಾಡಲು ಮನಸ್ಸಾಗಲಿಲ್ಲ.

ಒಂದು ತೊಂದರೆ ಉಳಿದಿದೆ. ಮೂರು ಕಡೆ ಈ ಚಿತ್ರದ ಫೋಟೊ ಸಿಕ್ಕಿತು. ಮೂರರಲ್ಲೂ ಹಳದಿ ಬೇರೆ ಬೇರೆ. ಒಂದರಲ್ಲಿ ಅರಿಶಿನ, ಒಂದರಲ್ಲಿ ನಿಂಬೆ, ಒಂದರಲ್ಲಿ ಕಿತ್ತಳೆ ಸೇರಿದ ಹಳದಿ. ಯಾವುದನ್ನು ನಂಬಲಿ? ಮತ್ತೆ ಆ ಕಪ್ಪು ಗೆರೆ. ಟ್ಯೂಬಿನ ಕಪ್ಪು ಹಚ್ಚಿದರೆ ಚಿತ್ರದಲ್ಲಿ ತೂತು ಬಿದ್ದಂತೆ ಕಾಣುತ್ತದೆ.

ಬಿದ್ರಿ ಮನೆ (ಬೀದರ್)
ಶುಕ್ರವಾರ, ಬೆಳಿಗ್ಗೆ 10:00

ಕಪ್ಪಿನ ಮಾತು ಬಂದಾಗ ನಾನು ಸುಮ್ನೆ ಇರಲಾರೆ. ನಮ್ಮ ಮನೆಯಲ್ಲಿ ಬಿದ್ರಿ ಕೆಲಸ. ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತೇವೆ, ಮೇಲೆ ಕೆತ್ತಿ ಬೆಳ್ಳಿ ಕೂರಿಸುತ್ತೇವೆ. ಅಲ್ಲಿಯವರೆಗೆ ಬೆಳ್ಳಿ ಇರುವುದೇ ಕಾಣುವುದಿಲ್ಲ. ಎಲ್ಲ ಒಂದೇ ಬೂದು. ಕೊನೆಗೆ ಕೋಟೆಯ ಹಳೆ ಮಣ್ಣು, ನವಸಾಗರ ಸೇರಿಸಿ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಚಿತ್ತಾರ ಆಗ ಹುಟ್ಟುತ್ತದೆ. ಎಷ್ಟು ಸಲ ನೋಡಿದರೂ ಎದೆ ತುಂಬುತ್ತದೆ. ನಿಮ್ಮ ಚಿತ್ರದಲ್ಲಿ ಹಿಂದಿನ ಹಳದಿ ನೇರಳೆ ಶಾಲಿಗೆ ಮಾಡಿದ ಕೆಲಸವನ್ನೇ ಇಲ್ಲಿ ಕಪ್ಪು ಬೆಳ್ಳಿಗೆ ಮಾಡುತ್ತದೆ.

ಹಾಗಾಗಿ ಗೆರೆಯನ್ನು ಕಪ್ಪು ಅಂತ ನೋಡಬೇಡಿ ಅಕ್ಕಾ. ಅದು ಪಕ್ಕದ ಎರಡು ಬಣ್ಣಗಳಿಗೆ ಏನು ಮಾಡುತ್ತಿದೆ ಅಂತ ನೋಡಿ. ಟ್ಯೂಬಿನ ಕಪ್ಪಿನ ಬದಲು ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಸೇರಿಸಿ. ಕಪ್ಪೇ ಬರುತ್ತದೆ, ಆದರೆ ಜೀವ ಇರುವ ಕಪ್ಪು. ಹಳದಿಯ ಪಕ್ಕ ನೀಲಿ ಜಾಸ್ತಿ ಮಾಡಿ, ಮುಖದ ಪಕ್ಕ ಕಂದು ಜಾಸ್ತಿ ಮಾಡಿ. ಎಲ್ಲ ಕಡೆ ಒಂದೇ ದಪ್ಪ ಬೇಡ.

ಹಳದಿಗೆ ಮಾತ್ರ ಸಂಗ್ರಹಾಲಯದವರೇ ಹಾಕಿದ ಫೋಟೊ ಹಿಡಿಯಿರಿ. ಒಂದನ್ನು ಹಿಡಿದ ಮೇಲೆ ಬೇರೆ ನೋಡಬೇಡಿ. ಫೋನಿನ ರಾತ್ರಿ ಬೆಳಕಿನ ಸೆಟ್ಟಿಂಗ್ ಆನ್ ಇದೆಯಾ? ಅದಿದ್ದರೆ ಎಲ್ಲ ಹಳದಿಯೂ ಅರಿಶಿನವೇ.

ಸೂಜಿದಾರ (ಕಲಬುರಗಿ)
ಶುಕ್ರವಾರ, ಮಧ್ಯಾಹ್ನ 3:20

ಹೌದು ರೀ, ಅದು ಆನ್ ಇತ್ತು! ಈಗ ತೆಗೆದೆ.

ಇನ್ನೊಂದು ಕೇಳಬೇಕಿತ್ತು. ನಮ್ಮ ಗಿರಾಕಿಯೊಬ್ಬರು ಇದನ್ನು ನೋಡಿ ಮನೆಗೆ ಬೇಕು, ದುಡ್ಡು ಕೊಡುತ್ತೇನೆ ಅಂದರು. ಬೇರೆಯವರ ಚಿತ್ರ ನೋಡಿ ಬರೆದದ್ದನ್ನು ಕೊಡಬಹುದಾ? ಮನಸ್ಸು ಒಪ್ಪುತ್ತಿಲ್ಲ.

ಕಚೇರಿ ಗುಮಾಸ್ತ (ಕಲಬುರಗಿ)
ಶುಕ್ರವಾರ, ರಾತ್ರಿ 8:45

ಕಾನೂನಿನ ಮಟ್ಟಿಗೆ ಹೇಳುತ್ತೇನೆ. ನಮ್ಮ ದೇಶದಲ್ಲಿ ಚಿತ್ರದ ಹಕ್ಕುಸ್ವಾಮ್ಯ ಕಲಾವಿದರ ಜೀವಮಾನ ಮತ್ತು ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಮ್ಯೂಂಟರ್ ತೀರಿಕೊಂಡದ್ದು 1962. ಲೆಕ್ಕ 2022ರ ಕೊನೆಗೆ ಮುಗಿಯಿತು. ಜರ್ಮನಿಯಲ್ಲಿ 70 ವರ್ಷ, ಅಲ್ಲಿ 2032ರ ಕೊನೆಯವರೆಗೆ ಇದೆ. ಹಾಗಾಗಿ ಇಲ್ಲಿ ಮನೆಯಲ್ಲಿ ತೂಗುಹಾಕಲು, ಕೊಡಲು ಅಡ್ಡಿಯಿಲ್ಲ. ಆದರೆ ನಿಮ್ಮದೇ ಸ್ವಂತ ಕಲ್ಪನೆ ಅನ್ನುವ ಹಾಗೆ ಸಹಿ ಹಾಕಬೇಡಿ. ಹಿಂಬದಿಯಲ್ಲಿ "ಗೇಬ್ರಿಯೆಲ್ ಮ್ಯೂಂಟರ್ ಅವರ 1909ರ ಚಿತ್ರ ನೋಡಿ ಬರೆದದ್ದು" ಅಂತ ಬರೆದು, ಕೆಳಗೆ ನಿಮ್ಮ ಹೆಸರು, ತಾರೀಖು ಹಾಕಿ.

ತೊಗರಿ ಹೊಲ (ಸೇಡಂ)
ಶನಿವಾರ, ಬೆಳಿಗ್ಗೆ 9:15

ಅಕ್ಕಾ, ಮಾರುವುದು ಬಿಡುವುದು ನಿಮ್ಮಿಷ್ಟ. ನಾನು ಹೇಳುವುದು ಬೇರೆ. ಇನ್ನು ನಿಮ್ಮ ಮನೆಯವರನ್ನೇ ಕೂರಿಸಿ ಬರೆಯಿರಿ.

ಹೋದ ತಿಂಗಳು ಸನ್ನತಿ ಹತ್ತಿರದ ಕನಗನಹಳ್ಳಿಗೆ ಹೋಗಿದ್ದೆ. ಅಲ್ಲಿ ಸಿಕ್ಕ ಅಶೋಕನ ಶಿಲ್ಪ ನೋಡಿದ್ದೀರಾ? ಸುಣ್ಣದ ಕಲ್ಲಿನಲ್ಲಿ ರಾಜ, ರಾಣಿ, ಸೇವಕಿಯರು. ಮೇಲೆ ಬ್ರಾಹ್ಮಿ ಲಿಪಿಯಲ್ಲಿ "ರಾಯ ಅಸೋಕೋ" ಅಂತ ಹೆಸರು. ಅಶೋಕ ಸತ್ತು ಎಷ್ಟೋ ಕಾಲದ ಮೇಲೆ ಕೆತ್ತಿದ್ದು. ಕೆತ್ತಿದವನು ಅವನನ್ನು ನೋಡಿರಲಿಲ್ಲ. ಆದರೂ ಇವನು ಅಶೋಕ ಅಂತ ಎದೆ ತಟ್ಟಿ ಹೇಳಿದ. ಭಾವಚಿತ್ರ ಅಂದರೆ ಫೋಟೊದಂಥ ಹೋಲಿಕೆ ಮಾತ್ರ ಅಲ್ಲ ಅಂತ ನನಗೆ ಅಲ್ಲಿ ಅನಿಸಿತು.

ವೆರೆಫ್ಕಿನ್ ಸುಮಾರು 1910ರಲ್ಲಿ ತಮ್ಮ ಮುಖವನ್ನು ತಾವೇ ಬರೆದುಕೊಂಡಿದ್ದಾರೆ, ಅದೂ ಲೆನ್‌ಬಾಖ್‌ಹೌಸ್‌ನಲ್ಲೇ ಇದೆ. ಕಣ್ಣು ಕೆಂಪು! ಉರಿಯುವ ಕಣ್ಣು. ಮ್ಯೂಂಟರ್ ಬರೆದ ಹೆಂಗಸೇ ಇವಳು ಅಂದರೆ ನಂಬಲು ಕಷ್ಟ. ಗೆಳತಿ ಬಿಸಿಲಿನಲ್ಲಿ ನಿಂತ ಧೈರ್ಯವಂತೆಯನ್ನು ಕಂಡಳು. ಆಕೆ ತನ್ನೊಳಗೆ ಬೇರೇನನ್ನೋ ಕಂಡಳು. ಎರಡೂ ನಿಜ. ನಿಮಗೆ ನಿಮ್ಮವರು ಹೇಗೆ ಕಾಣುತ್ತಾರೆ ಅಂತ ನೋಡಬೇಕು ನನಗೆ.

ಮುಖ ಕೆಡುತ್ತದೆ ಅಂತ ಹೆದರಬೇಡಿ. ಯಾವ್ಲೆನ್ಸ್ಕಿ ಅದೇ 1909ರಲ್ಲಿ ಸಖಾರೋಫ್ ಎಂಬ ನರ್ತಕನನ್ನು ಕೆಂಪು ಉಡುಪಿನಲ್ಲಿ ಅರ್ಧ ಗಂಟೆಯ ಒಳಗೆ ಬರೆದರಂತೆ. ಬಿಟ್ಟರೆ ಇವರು ತಿದ್ದಿಬಿಡುತ್ತಾರೆ ಅಂತ ಆ ನರ್ತಕ ಹಸಿ ಬಣ್ಣದ ಚಿತ್ರವನ್ನೇ ಎತ್ತಿಕೊಂಡು ಹೋದನಂತೆ.

ಸೂಜಿದಾರ (ಕಲಬುರಗಿ)
ಮುಂದಿನ ಭಾನುವಾರ, ರಾತ್ರಿ 9:50

ಮ್ಯೂಂಟರ್ ಚಿತ್ರ ಮುಗಿಯಿತು. ಗಿರಾಕಿಗೆ ಕೊಡಲಿಲ್ಲ. ಹಿಂದೆ ಗುಮಾಸ್ತರು ಹೇಳಿದಂತೆ ಬರೆದು ಮಷೀನ್ ಎದುರಿನ ಗೋಡೆಗೆ ಹಾಕಿದ್ದೇನೆ. ಎಡಗಣ್ಣು ಸ್ವಲ್ಪ ಕೆಳಗೆ ಬಂದಿದೆ. ತಿದ್ದುವುದಿಲ್ಲ.

ಇವತ್ತು ಆಯಿಯನ್ನು ಕೂರಿಸಿದೆ. ಆಳಂದ ಕಡೆಯ ಹಳ್ಳಿಯಿಂದ ಕಣ್ಣು ತೋರಿಸಲು ಬಂದಿದ್ದಾಳೆ. 80 ದಾಟಿದ ವಯಸ್ಸು. ಹಸಿರು ಇಳಕಲ್ ಸೀರೆ, ಕೆಂಪು ಅಂಚು, ತಲೆ ಮೇಲೆ ಸೆರಗು. ಆಯಿ ಗಾಢ ಕಪ್ಪು. ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು ಮೆತ್ತಗೆ, ಕೊರತೆ ಹೇಳುವ ಹಾಗೆ ಹೇಳುತ್ತಿದ್ದರು. ನಾನೂ ಆ ಬಣ್ಣದವಳೇ. ಫ್ಲೆಶ್ ಟಿಂಟ್ ಟ್ಯೂಬಿನ ಮುಚ್ಚಳ ತೆರೆಯಲೇ ಇಲ್ಲ. ಆ ಮುಖಕ್ಕೆ ಅದರಿಂದ ಏನೂ ಆಗಬೇಕಿಲ್ಲ.

ಕಂದು ಅಂದುಕೊಂಡು ಕೂತೆ. ನೋಡುತ್ತಾ ಹೋದ ಹಾಗೆ ಕಂದು ಕಡಿಮೆಯಾಗುತ್ತಾ ಬಂತು. ಅಂಗಳದ ಕಡೆ ಮುಖ ಮಾಡಿ ಕೂತಿದ್ದಳು. ಹಣೆಯ ಮೇಲೆ, ಕೆನ್ನೆಯ ಮೂಳೆಯ ಮೇಲೆ ಬೆಳಕು ಬಿದ್ದ ಕಡೆ ನೀಲಿ ಇತ್ತು. ತಿಳಿ, ತಣ್ಣನೆ ನೀಲಿ. ಮೂಗಿನ ಪಕ್ಕ ಕೆಂಗಂದು. ಗದ್ದದ ಕೆಳಗೆ ಸೀರೆಯ ಹಸಿರು ಬಂದು ಬಿದ್ದಿತ್ತು, ನಿಜವಾದ ಹಸಿರು! ನಾನು ಕಲ್ಪಿಸಿಕೊಂಡದ್ದಲ್ಲ. ಮ್ಯೂಂಟರ್ ಚಿತ್ರದಲ್ಲಿ ಹದಿನೈದು ದಿನ ಹಸಿರು ಹುಡುಕಿರದಿದ್ದರೆ ನನ್ನ ಆಯಿಯ ಗದ್ದದ ಕೆಳಗೆ ಅದು ನನಗೆ ಕಾಣುತ್ತಿರಲಿಲ್ಲ. ಅಲ್ಟ್ರಾಮರೀನ್, ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು, ಕಿವಿಯ ತುದಿಗೆ ಚೂರು ಕ್ರಿಮ್ಸನ್, ಬೆಳಕಿಗೆ ಬಿಳಿ ಸೇರಿದ ನೀಲಿ. ಇಷ್ಟೇ ಬಣ್ಣ.

ಆಯಿ ಚಿತ್ರ ನೋಡಿ, "ಹಣಿ ಮ್ಯಾಲ ನೀಲಿ ಯಾಕವ್ವಾ?" ಅಂದಳು. ಕೈಗನ್ನಡಿ ಕೊಟ್ಟು ಬಾಗಿಲ ಹತ್ತಿರ ಕೂರಿಸಿದೆ. ಕಣ್ಣು ಸರಿಯಾಗಿ ಕಾಣದವಳು, ಕನ್ನಡಿಯನ್ನು ಹತ್ತಿರ ತಂದು, ದೂರ ಹಿಡಿದು, ಓರೆ ಮಾಡಿ ಬಹಳ ಹೊತ್ತು ನೋಡಿಕೊಂಡಳು. ಆಮೇಲೆ, "ಅಂಗಳದ ಬೆಳಕು ಬಿದ್ದದಲ್ಲ" ಅಂದಳು. ಕನ್ನಡಿ ವಾಪಸ್ ಕೊಡಲಿಲ್ಲ.

ಈಗ ಹಿನ್ನೆಲೆ ಒಂದು ಉಳಿದಿದೆ. ಮುರ್ನೌನಲ್ಲಿದ್ದ ತನ್ನ ಮನೆಯ ಹಳದಿ ತಳಗೋಡೆಯ ಮುಂದೆ ಆ ಚಿತ್ರ ಬರೆದೆ ಅಂತ ಮ್ಯೂಂಟರ್ ನೆನಪಿಸಿಕೊಂಡಿದ್ದಾರೆ. ಆಯಿಯ ಹಿಂದೆ ಇರುವುದು ಸುಣ್ಣಕ್ಕೆ ನೀಲಿ ಹಾಕಿದ ಗೋಡೆ, ಕೆಳಗೆ ಕೆಮ್ಮಣ್ಣಿನ ಪಟ್ಟಿ. ಗೋಡೆಗೆ ಆ ತಿಳಿ ನೀಲಿಯನ್ನೇ ಇಟ್ಟರೆ ಹಣೆಯ ನೀಲಿ ಮಂಕಾಗುತ್ತದೆ ಅಂತ ಭಯ. ಕೆಮ್ಮಣ್ಣಿನ ಪಟ್ಟಿಯನ್ನು ಹೆಗಲವರೆಗೆ ಎತ್ತಿಬಿಡಲಾ? ಎರಡಕ್ಕೂ ಕಾಗದದ ತುಂಡು ಬರೆದು ಒಣಗಲು ಇಟ್ಟಿದ್ದೇನೆ. ಮಾಸ್ತರರೇ, ಬೀದರಿನ ಅಣ್ಣಾ, ನಾಳೆ ಬೆಳಿಗ್ಗೆ ಹತ್ತಕ್ಕೆ ಮೊದಲು ಹೇಳಿ. ಆಯಿ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗುತ್ತಾಳೆ.